ಮೂವರು ಗುರುಗಳು, ಒಂದೇ ಗಂಟಲು

ಪ್ರಶ್ನೆ: ನಾನು 24 ವರ್ಷದ ಯುವತಿ. ಎಂಟು ವರ್ಷ ಶಾಸ್ತ್ರೀಯ ಸಂಗೀತ ಕಲಿತಿದ್ದೇನೆ. ಈಗ ಮನಸ್ಸು ಮ್ಯೂಸಿಕಲ್ ಥಿಯೇಟರ್ (ಹಾಡು, ಕುಣಿತ, ಮಾತು ಬೆರೆತ ಪಾಶ್ಚಾತ್ಯ ನಾಟಕ) ಕಡೆ ವಾಲಿದೆ. ಇನ್ನು ಮೂರು ತಿಂಗಳಿಗೆ ಒಂದು ಆಡಿಷನ್ ಇದೆ. ಕೆಳಗಿನ ಮತ್ತು ನಡುವಿನ ಸ್ವರಗಳು ಗಟ್ಟಿಯಾಗಿ ಬರುತ್ತವೆ. ಆದರೆ ಕೀಬೋರ್ಡಿನ ಮಧ್ಯದ ಸಿ ಆದ ಮೇಲಿನ ಎ ಸ್ವರ ದಾಟಿ ಮುಂದಿನ ಸಿ ಕಡೆಗೆ ಏರುವಾಗ ಧ್ವನಿ ಒಡೆಯುತ್ತದೆ, ಇಲ್ಲವೇ ತಟ್ಟನೆ ಪೀಚಲಾಗಿಬಿಡುತ್ತದೆ. ಆರು ತಿಂಗಳಿಂದ ಒಬ್ಬರ ಬಳಿ ಪಾಠಕ್ಕೆ ಹೋಗುತ್ತಿದ್ದೇನೆ. ‘ಡಯಾಫ್ರಮ್‌ನಿಂದ ಹಾಡು, ಇನ್ನೂ ಗಾಳಿ ಕೊಡು’ ಎನ್ನುತ್ತಾರೆ. ಪಾಠದ ಮಾರನೇ ದಿನ ಮಧ್ಯಾಹ್ನದವರೆಗೂ ಗಂಟಲು ಕಟ್ಟಿರುತ್ತದೆ. ಕೂಗಿನಂಥ ಕಸುವಿನಿಂದ ಮೇಲಿನ ಸ್ವರ ಹಾಡುವ ಬೆಲ್ಟಿಂಗ್ ಬಗ್ಗೆ ಇನ್ನೊಬ್ಬರನ್ನು ಕೇಳಿದೆ, ‘ಬೆಲ್ಟಿಂಗ್ ಮಾಡಿದರೆ ಗಂಟಲು ಹಾಳು, ಮೊದಲು ಎರಡು ವರ್ಷ ಪಾಶ್ಚಾತ್ಯ ಶಾಸ್ತ್ರೀಯ ಕಲಿತುಕೊಂಡು ಬಾ’ ಎಂದರು. ಮೂರನೆಯವರು ಆನ್‌ಲೈನ್‌ನಲ್ಲಿ ‘30 ದಿನದಲ್ಲಿ ಬೆಲ್ಟ್’ ಎನ್ನುವ ಪ್ಯಾಕೇಜ್ ಕೊಡುತ್ತಿದ್ದಾರೆ. ಯಾರನ್ನು ನಂಬಲಿ? ಒಳ್ಳೆಯ ಗುರುವನ್ನು ಗುರುತಿಸುವುದು ಹೇಗೆ? ಆನ್‌ಲೈನ್ ಪಾಠ ಸಾಕೇ? ನನ್ನ ಗಂಟಲಿಗೆ ಈಗಾಗಲೇ ಪೆಟ್ಟಾಗಿಬಿಟ್ಟಿದೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ. ಅದು ತೀರ್ಮಾನವಾಗದೆ ಉಳಿದವಕ್ಕೆ ಕೈಹಾಕಿ ಪ್ರಯೋಜನವಿಲ್ಲ.

ಒಂದು ದಿನ ಜಾಸ್ತಿ ಹಾಡಿದರೆ ಸಂಜೆಗೆ ಧ್ವನಿ ದಣಿಯುವುದು ಸಹಜ. ರಾತ್ರಿ ನಿದ್ದೆಯಾದ ಮೇಲೆ ಅದು ಹೋಗಿರಬೇಕು. ನಿಮ್ಮದು ಮಾರನೇ ಮಧ್ಯಾಹ್ನದವರೆಗೂ ಉಳಿಯುತ್ತಿದೆ, ಅದೂ ಆರು ತಿಂಗಳಿಂದ. ‘ಗಂಟಲು ಪಳಗುತ್ತಿದೆ’ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಹೋದಾಗ, ನೀವು ಹಾಡುವವರು ಎಂದು ಹೇಳಿ, ಸ್ಟ್ರೋಬೋಸ್ಕೋಪಿ ಆಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಮಾಮೂಲಿ ಎಂಡೋಸ್ಕೋಪಿಯಲ್ಲಿ ಧ್ವನಿತಂತುಗಳ ಬಣ್ಣ, ಆಕಾರ, ಎದ್ದುಕಾಣುವ ಗಂಟು ಗೊತ್ತಾಗುತ್ತದೆ. ಆದರೆ ನೀವು ಆ ಎ ಸ್ವರ ಹಿಡಿದಾಗ ತಂತುಗಳು ಸೆಕೆಂಡಿಗೆ 440 ಸಲ ಕೂಡಿ ಬಿಡುತ್ತಿರುತ್ತವೆ. ಕಣ್ಣಿಗೆ ಅದು ಬರೀ ಮಸುಕು. ಸ್ಟ್ರೋಬ್ ದೀಪ ಆ ವೇಗಕ್ಕಿಂತ ಕೂದಲೆಳೆಯಷ್ಟು ಹೆಚ್ಚುಕಡಿಮೆ ವೇಗದಲ್ಲಿ ಮಿನುಗುವುದರಿಂದ ಕಂಪನ ನಿಧಾನವಾಗಿ ನಡೆದಂತೆ ಕಾಣುತ್ತದೆ. ಅಂಚು ಊದಿದೆಯೇ, ಎರಡೂ ಪೂರ್ತಿ ಕೂಡುತ್ತಿವೆಯೇ, ಮೇಲ್ಪದರದ ಅಲೆ ಎಲ್ಲಾದರೂ ತಡೆಯುತ್ತಿದೆಯೇ ಎನ್ನುವುದು ಆಗ ತಿಳಿಯುತ್ತದೆ.

ಏನಾದರೂ ಕಂಡರೂ ಗಾಬರಿ ಬೇಡ. ನಾಡ್ಯೂಲ್ ಎಂದು ಕರೆಯುವ ಗಂಟುಗಳು ಎರಡೂ ತಂತುಗಳ ಮೇಲೆ, ಬಡಿತ ಹೆಚ್ಚು ಬೀಳುವ ಜಾಗದಲ್ಲಿ, ಎದುರುಬದುರಾಗಿ ಏಳುತ್ತವೆ; ಗುದ್ದಲಿ ಹಿಡಿದ ಕೈ ಜಡ್ಡುಗಟ್ಟಿದ ಹಾಗೆ. ಅದಕ್ಕೆ ಮೊದಲ ಮದ್ದು ಧ್ವನಿ ಚಿಕಿತ್ಸೆ. ಕತ್ತರಿಯ ಮಾತು ಬರುವುದು ಅದು ಫಲಿಸದಿದ್ದಾಗ. ಆದರೆ ಗಂಟು ಇರುವುದು ಗೊತ್ತಿಲ್ಲದೆ ಎಂಥ ಗುರುವಿನ ಬಳಿ ಹೋದರೂ ಅವರು ಕತ್ತಲಲ್ಲಿ ತಡಕಾಡುತ್ತಾರೆ. ತಂತುಗಳು ಸರಿಯಾಗಿ ಕೂಡದೆ ಗಾಳಿ ಸೋರುತ್ತಿದ್ದರೆ ‘ಇನ್ನೂ ಗಾಳಿ ಕೊಡು’ ಎನ್ನುವ ಸಲಹೆ ಉರಿಯುವ ಬೆಂಕಿಗೆ ತುಪ್ಪ.

ವೈದ್ಯರ ದಿನಾಂಕ ಸಿಗುವವರೆಗೆ ಮನೆಯಲ್ಲೇ ಒಂದು ಲೆಕ್ಕ ಇಡಿ. ಐದು ಸ್ವರಗಳನ್ನು ಮೇಲಿನಿಂದ ಕೆಳಕ್ಕೆ, ‘ಹು, ಹು’ ಎಂದು ಬಿಡಿಬಿಡಿಯಾಗಿ, ಪಕ್ಕದ ಕೋಣೆಗೂ ಕೇಳಿಸದಷ್ಟು ಮೆಲ್ಲಗೆ ಹಾಡಿ. ಅರ್ಧರ್ಧ ಸ್ವರ ಏರಿಸುತ್ತ ಹೋಗಿ. ಎಲ್ಲೋ ಒಂದು ಕಡೆ ಮೊದಲು ಗಾಳಿ, ಆಮೇಲೆ ಸ್ವರ ಎನ್ನುವಂತೆ ಧ್ವನಿ ತಡವರಿಸುತ್ತದೆ. ಅದು ಆ ದಿನದ ನಿಮ್ಮ ಮೇರೆ. ಗಟ್ಟಿಯಾಗಿ ಹಾಡಿದರೆ ಊತವನ್ನು ಒತ್ತಡವೇ ಮುಚ್ಚಿಬಿಡುತ್ತದೆ, ಮೆಲುದನಿಯಲ್ಲಿ ಅದು ಬಯಲಾಗುತ್ತದೆ. ಪಾಠದ ದಿನ ಬೆಳಗ್ಗೆ ಒಮ್ಮೆ, ಮಾರನೇ ದಿನ ಬೆಳಗ್ಗೆ ಅದೇ ಹೊತ್ತಿಗೆ ಇನ್ನೊಮ್ಮೆ ಮಾಡಿ, ಮೇರೆಯ ಸ್ವರವನ್ನು ಬರೆದಿಡಿ. ಎರಡು ಮೂರು ಅರ್ಧಸ್ವರ ಕೆಳಗಿಳಿದಿದ್ದರೆ ಹಿಂದಿನ ದಿನದ ಪಾಠ ನಿಮ್ಮ ಗಂಟಲಿಗೆ ಭಾರವಾಯಿತು ಎಂದರ್ಥ. ಈ ಪುಟ್ಟ ಪುಸ್ತಕ ಮುಂದೆ ಗುರುವನ್ನು ಅಳೆಯುವುದಕ್ಕೂ ಬೇಕಾಗುತ್ತದೆ.

ಅಂದಹಾಗೆ, ಕುಡಿದದ್ದು ಯಾವುದೂ ಧ್ವನಿತಂತುಗಳಿಗೆ ತಾಗುವುದಿಲ್ಲ. ಅದು ಅನ್ನನಾಳದಲ್ಲಿ ಇಳಿಯುತ್ತದೆ. ತಾಗಿದರೆ ‘ತಪ್ಪುದಾರಿಗೆ ಹೋಯಿತು’ ಎಂದು ಕೆಮ್ಮುತ್ತೀರಿ. ನೇರವಾಗಿ ತಂತುಗಳನ್ನು ಮುಟ್ಟುವುದು ಹಬೆ ಮಾತ್ರ. ನೀರು ಮೈಯೆಲ್ಲ ಸುತ್ತಿ ಅಲ್ಲಿಗೆ ತಲುಪಬೇಕು, ಹಾಗಾಗಿ ಹಾಡುವ ಐದು ನಿಮಿಷ ಮೊದಲು ಗಟಗಟ ಕುಡಿದು ಉಪಯೋಗವಿಲ್ಲ.

ಧ್ವನಿ ಅಲ್ಲೇ ಯಾಕೆ ಒಡೆಯುತ್ತದೆ

ಮಾತಾಡುವ ಎತ್ತರದಲ್ಲಿ ಧ್ವನಿತಂತುಗಳು ಗಿಡ್ಡ ಮತ್ತು ದಪ್ಪ. ಅವುಗಳ ಒಳಗಿನ ಸ್ನಾಯುವೇ ಅವನ್ನು ಹಾಗೆ ಹಿಡಿದಿರುತ್ತದೆ. ಸ್ವರ ಏರಿದಂತೆ ಹೊರಗಿನ ಇನ್ನೊಂದು ಸ್ನಾಯು ಅವನ್ನು ಎಳೆದು ಉದ್ದ, ತೆಳು ಮಾಡುತ್ತದೆ. ಮೊದಲನೆಯದರ ಕೈ ಮೇಲಿದ್ದರೆ ಚೆಸ್ಟ್ ವಾಯ್ಸ್, ಎರಡನೆಯದರದ್ದಾದರೆ ಹೆಡ್ ವಾಯ್ಸ್. ಎರಡೂ ಹುಟ್ಟುವುದು ಗಂಟಲಲ್ಲೇ. ಕಂಪನ ಎಲ್ಲಿ ಅನುಭವವಾಗುತ್ತದೋ ಅದರ ಮೇಲೆ ಬಂದ ಹಳೆಯ ಹೆಸರುಗಳು ಇವು. ಈ ಎರಡರ ಪಾಲು ಸ್ವರದಿಂದ ಸ್ವರಕ್ಕೆ ಸ್ವಲ್ಪಸ್ವಲ್ಪವಾಗಿ ಬದಲಾಗುತ್ತ ಹೋಗಬೇಕು. ಹಾಡುಗಾರರು ಮಿಕ್ಸ್ ಎನ್ನುವುದು ಈ ಹದವನ್ನೇ. ನೀವು ಕೆಳಗಿನ ದಪ್ಪವನ್ನು ಹಾಗೇ ಹೊತ್ತುಕೊಂಡು ಮೇಲೆ ಹೋಗುತ್ತಿದ್ದೀರಿ, ಭಾರ ಹೆಚ್ಚಾದಂತೆ ಗಾಳಿ ಹೆಚ್ಚಿಸುತ್ತಿದ್ದೀರಿ. ಎ ದಾಟಿದ ಮೇಲೆ ಸ್ನಾಯು ಕೈಬಿಡುತ್ತದೆ. ಒಮ್ಮೆಲೇ ಪೂರ್ತಿ ತೆಳುವಾದರೆ, ನಮ್ಮಲ್ಲಿ ಕಳ್ಳದನಿ ಎನ್ನುವಂಥ ಪೀಚಲು ಧ್ವನಿ ಬರುತ್ತದೆ. ನೀವು ವರ್ಣಿಸಿದ್ದು ಅಕ್ಷರಶಃ ಇದನ್ನೇ.

ನಿಮ್ಮ ಹಿಂದಿನ ಕಲಿಕೆಗೂ ಇದಕ್ಕೂ ಒಂದು ನಂಟಿದೆ. ಶ್ರುತಿಯನ್ನು ಹಾಡುವವರೇ ಆರಿಸಿಕೊಳ್ಳುವ ಪದ್ಧತಿಯಲ್ಲಿ ಕಲಿತವರು ತಮ್ಮ ಶಾರೀರ ಹಿತವಾಗಿರುವ ಜಾಗವನ್ನು ಬಿಟ್ಟು ಹೊರಗೆ ಹೋಗುವುದು ಅಪರೂಪ. ಮ್ಯೂಸಿಕಲ್‌ನಲ್ಲಿ ಶ್ರುತಿ ಬರೆದವರದ್ದು. ವಾದ್ಯಮೇಳದ ಪ್ರತಿಗಳೆಲ್ಲ ಆ ಶ್ರುತಿಯಲ್ಲೇ ಇರುತ್ತವೆ, ಪಾತ್ರದ ಸಿಟ್ಟು ಏರಿದ ಜಾಗದಲ್ಲಿ ಸ್ವರವೂ ಏರಿರುತ್ತದೆ. ಹಾಗಾಗಿ ಎಂಟು ವರ್ಷದಲ್ಲಿ ಬಾರದ ತೊಡಕು ಈಗ ಬಂದಿದೆ.

ಇನ್ನೊಂದು ಕಾರಣವಿದೆ, ಇದನ್ನು ವಿವರಿಸಬಲ್ಲ ಗುರುಗಳು ಕಡಿಮೆ. ಹಾಡಿನ ಆ ಸಾಲಿನಲ್ಲಿ ಯಾವ ಪದದ ಮೇಲೆ ಒಡೆಯುತ್ತದೆ ಎಂದು ಗಮನಿಸಿ. ‘ಈ’ ಅಥವಾ ‘ಊ’ ಇರುವ ಪದದ ಮೇಲೆ ಹೆಚ್ಚು, ‘ಆ’ ಇರುವಲ್ಲಿ ಕಡಿಮೆ ಎಂದು ಕಂಡುಬಂದರೆ ಆಶ್ಚರ್ಯವಿಲ್ಲ. ನೀವು 440ರ ಎ ಹಾಡಿದಾಗ ಅದರ ಜೊತೆಗೆ 880, 1320 ಹೀಗೆ ಅದರ ಪಟ್ಟಿನ ಸ್ವರಗಳೂ ಒಟ್ಟಿಗೇ ಹುಟ್ಟುತ್ತವೆ. ಬಾಯಿ ಮತ್ತು ಗಂಟಲಿನ ಪೊಳ್ಳು ಇವುಗಳಲ್ಲಿ ಕೆಲವನ್ನು ಎತ್ತಿಹಿಡಿಯುತ್ತದೆ. ಯಾವುದನ್ನು ಎಂಬುದನ್ನು ನೀವು ಉಚ್ಚರಿಸುವ ಸ್ವರಾಕ್ಷರ ತೀರ್ಮಾನಿಸುತ್ತದೆ. ಹೆಣ್ಣು ಧ್ವನಿಯಲ್ಲಿ ಅಗಲಬಾಯಿಯ ‘ಆ’ ಎತ್ತಿಹಿಡಿಯುವ ಮೊದಲ ಜಾಗ ಸುಮಾರು 800–900 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸು. ‘ಈ’ಯದು ಸುಮಾರು 300–400. ಬೆಲ್ಟ್‌ಗೆ ಆ ಕೂಗಿನಂಥ ಕಸುವು ಬರುವುದು ಎರಡನೇ ಪಟ್ಟಿನ ಸ್ವರಕ್ಕೆ, ಅಂದರೆ ಇಲ್ಲಿ 880ಕ್ಕೆ, ಬಾಯಿಯ ಬೆಂಬಲ ಸಿಕ್ಕಾಗ. ‘ಆ’ಗೆ ಅದು ಎಟುಕುತ್ತದೆ. ‘ಈ’ಯ ಬೆಂಬಲ ಮೂಲಸ್ವರಕ್ಕಿಂತಲೂ ಕೆಳಗೇ ಉಳಿದುಬಿಡುತ್ತದೆ. ಆಗ ಧ್ವನಿ ತಾನಾಗಿ ಹೆಡ್ ವಾಯ್ಸ್‌ಗೆ ಜಾರುತ್ತದೆ. ಜಾರಬಾರದೆಂದು ಹಟ ಹಿಡಿದವರು ಗಂಟಲು ಹಿಸುಕುತ್ತಾರೆ. ಪಳಗಿದ ಹಾಡುಗಾರರು ‘ಈ’ಯನ್ನು ಕೇಳುವವರಿಗೆ ತಿಳಿಯದ ಹಾಗೆ ‘ಎ’ ಅಕ್ಷರದ ಉಚ್ಚಾರದ ಕಡೆಗೆ ವಾಲಿಸುತ್ತಾರೆ. ಮುಂದಿನ ಸಿ ಸ್ವರಕ್ಕೆ ಬಂದರೆ ಎರಡನೇ ಪಟ್ಟು 1046. ಅಲ್ಲಿ ‘ಆ’ಯೂ ಇನ್ನಷ್ಟು ಅಗಲವಾಗಬೇಕು, ಧ್ವನಿಪೆಟ್ಟಿಗೆ ಒಂದಿಷ್ಟು ಮೇಲೇರಬೇಕು. ಅದನ್ನು ಕೆಳಗೇ ಅದುಮಿಟ್ಟುಕೊಂಡು ಬೆಲ್ಟ್ ಮಾಡಲು ಹೋದರೆ ಎರಡು ಎತ್ತು ಎರಡು ದಿಕ್ಕಿಗೆ ಎಳೆದಂತೆ.

ಮೂವರ ಮಾತಲ್ಲಿ ನಿಜವೆಷ್ಟು

ಮೊದಲನೆಯವರದು ತೀರಾ ಹಳೆಯ ನುಡಿಗಟ್ಟು. ಡಯಾಫ್ರಮ್, ಅಂದರೆ ವಪೆ, ಉಸಿರನ್ನು ಒಳಗೆಳೆಯುವ ಸ್ನಾಯು. ಹಾಡುವಾಗ ಉಸಿರು ಹೊರಗೆ ಹೋಗುತ್ತಿರುತ್ತದೆ, ವಪೆ ಮೆಲ್ಲಗೆ ಸಡಿಲಾಗುತ್ತಿರುತ್ತದೆ. ಹಿಡಿತವೆಲ್ಲ ಪಕ್ಕೆಲುಬು ಮತ್ತು ಹೊಟ್ಟೆಯ ಸ್ನಾಯುಗಳದ್ದು. ಆದರೂ ‘ವಪೆಯಿಂದ ಹಾಡು’ ಎಂದಾಗ ಭುಜ ಎತ್ತುವವರು ಭುಜ ಇಳಿಸುತ್ತಾರೆ, ಒಂದಿಷ್ಟು ಪ್ರಯೋಜನವಾಗುತ್ತದೆ. ತೊಂದರೆ ಇರುವುದು ‘ಇನ್ನೂ ಗಾಳಿ’ ಎಂಬುದರಲ್ಲಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ರಸ್ತೆಯಾಚೆ ಇರುವವರನ್ನು ಕರೆದ ಹಾಗೆ ‘ಏಯ್’ ಎನ್ನಿ. ಕೈಗೆ ಗಾಳಿ ತಾಗುವುದು ಅಷ್ಟಕ್ಕಷ್ಟೇ. ಈಗ ಪಿಸುದನಿಯಲ್ಲಿ ‘ಹಾ’ ಎನ್ನಿ, ಬಿಸಿಗಾಳಿ ರಾಚುತ್ತದೆ. ಬೆಲ್ಟ್‌ನಲ್ಲಿ ಧ್ವನಿತಂತುಗಳು ಪ್ರತಿ ಸುತ್ತಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಮುಚ್ಚಿಯೇ ಇರುತ್ತವೆ. ಒತ್ತಡ ಜಾಸ್ತಿ, ಹರಿವು ಕಡಿಮೆ. ಶ್ವಾಸಕೋಶ ತುಂಬ ಗಾಳಿ ತುಂಬಿಕೊಂಡರೆ ಊದಿದ ಬಲೂನಿನಂತೆ ಅದೇ ಹೊರಗೆ ತಳ್ಳುತ್ತದೆ, ಆ ತಳ್ಳುವಿಕೆಯನ್ನು ತಡೆಯಲು ಗಂಟಲು ಬಿಗಿಯುತ್ತದೆ. ಕೂಗುವ ಮೊದಲು ಯಾರೂ ಎದೆ ತುಂಬ ಉಸಿರೆಳೆದುಕೊಳ್ಳುವುದಿಲ್ಲ. ಬೆಲ್ಟ್ ಸಾಲಿಗೂ ಸಣ್ಣ ಉಸಿರೇ ಸಾಕು.

ಬೆಲ್ಟ್ ಎಂದರೆ ಜೋರು ಎಂಬ ನಂಬಿಕೆಯೂ ಇದರ ಬೆನ್ನಿಗಿದೆ. ಈಗಿನ ಮ್ಯೂಸಿಕಲ್‌ಗಳಲ್ಲಿ ನಟರ ಹಣೆಯ ಮೇಲೆ, ಕೂದಲ ಸಂದಿಯಲ್ಲಿ ಪುಟ್ಟ ಮೈಕ್ ಇರುತ್ತದೆ. ಕೊನೆಯ ಸಾಲಿಗೆ ಕೇಳಿಸುವುದು ಸೌಂಡ್ ಎಂಜಿನಿಯರ್ ಕೆಲಸ. ನಿಮ್ಮಿಂದ ಬೇಕಾದದ್ದು ಆ ಧ್ವನಿಯ ಬಣ್ಣ.

ಎರಡನೆಯವರ ಮಾತು ಅರ್ಧ ಸರಿ. ಯಾವ ಶಾಸ್ತ್ರೀಯ ಪದ್ಧತಿಯೇ ಆಗಲಿ, ಕಿವಿ, ಶ್ರುತಿ, ಉಸಿರಿನ ಮಿತವ್ಯಯ, ದಿನಾ ಸಾಧಕ ಮಾಡುವ ರೂಢಿ, ಇವು ಎಲ್ಲಿಗೆ ಹೋದರೂ ಜೊತೆಗೆ ಬರುತ್ತವೆ. ನಿಮ್ಮ ಹೆಡ್ ವಾಯ್ಸ್ ಸೊರಗಿದೆ ಎಂದು ತೋರುವುದರಿಂದ ಅವರ ಪಾಠದಿಂದ ಲಾಭವೂ ಇದೆ. ತೆಳುಮಾಡುವ ಸ್ನಾಯು ಬಲವಾಗದೆ ಮಿಕ್ಸ್ ಇಲ್ಲ. ಆದರೆ ಪಾಶ್ಚಾತ್ಯ ಶಾಸ್ತ್ರೀಯದಲ್ಲಿ ಹೆಣ್ಣು ಧ್ವನಿಗೆ ಬೇಕಾದ ದುಂಡು ಸ್ವರಾಕ್ಷರ, ತಗ್ಗಿದ ಧ್ವನಿಪೆಟ್ಟಿಗೆ, ಹೆಡ್ ವಾಯ್ಸ್ ಪ್ರಧಾನವಾದ ನಾದ ಒಂದು ಹದ. ಮಾತಿಗೆ ಹತ್ತಿರವಿರಬೇಕಾದ ಮ್ಯೂಸಿಕಲ್ ಗಾಯನ ಬೇರೊಂದು ಹದ. ದೂರದೋಟಕ್ಕೆ ಮಾತ್ರ ತಯಾರಾದ ಕಾಲು ನೂರು ಮೀಟರ್ ಓಟದಲ್ಲಿ ತಾನಾಗಿ ಗೆಲ್ಲುವುದಿಲ್ಲ. ಎರಡು ವರ್ಷ ಬೆಲ್ಟ್ ಮುಟ್ಟದೇ ಇದ್ದವರು ಎರಡು ವರ್ಷದ ಬಳಿಕವೂ ಬೆಲ್ಟ್‌ನಲ್ಲಿ ಹೊಸಬರೇ.

ಬೆಲ್ಟಿಂಗ್‌ನಿಂದ ಗಂಟಲು ಹಾಳಾಗುವುದೇ? ಹದ ತಪ್ಪಿದರೆ, ಅಳತೆ ಮೀರಿದರೆ ಆಗುತ್ತದೆ. ಸೆಕೆಂಡಿಗೆ 440ರಂತೆ ಒಂದು ನಿಮಿಷದ ಗಾಯನಕ್ಕೆ 26,400 ಬಡಿತ. ಅದೇ ಎತ್ತರದಲ್ಲಿ ಇಪ್ಪತ್ತು ನಿಮಿಷ ಹಾಡಿದರೆ 5 ಲಕ್ಷ 28 ಸಾವಿರ. ನ್ಯೂಯಾರ್ಕಿನ ಬ್ರಾಡ್‌ವೇ, ಲಂಡನ್ನಿನ ವೆಸ್ಟ್ ಎಂಡ್ ರಂಗಮಂದಿರಗಳಲ್ಲಿ ವಾರಕ್ಕೆ ಎಂಟು ಪ್ರದರ್ಶನ ಕೊಡುವವರು ವರ್ಷಗಟ್ಟಲೆ ಉಳಿದುಕೊಳ್ಳುತ್ತಾರೆಂದರೆ ಪ್ರತಿ ಬಡಿತವನ್ನೂ ಅವರು ಹಗುರ ಮಾಡಿಕೊಂಡಿದ್ದಾರೆ, ಉಳಿದ ಹೊತ್ತು ಸುಮ್ಮನಿರುವುದನ್ನೂ ಕಲಿತಿದ್ದಾರೆ. ಬೆಲ್ಟ್ ಪಾಠವೆಂದು ಒಂದು ಗಂಟೆ ಬಿಡುವಿಲ್ಲದೆ ಮೇಲಿನ ಸ್ವರದಲ್ಲೇ ಹಾಡಿಸುವವರಿಗೆ ಈ ಲೆಕ್ಕ ಗೊತ್ತಿಲ್ಲ.

ಮೂರನೆಯವರ 30 ದಿನ? ಬೆಲ್ಟ್‌ನ ಆ ನಾದ ಮೊದಲ ಸಲ ಹತ್ತು ನಿಮಿಷದಲ್ಲೇ ಸಿಗಬಹುದು. ಇದನ್ನು ಜಾಹೀರಾತಿನ ಸುಳ್ಳು ಎನ್ನಲಾರೆ. ಸಿಕ್ಕಿದ್ದು ದಣಿದಾಗ, ಕುಣಿಯುವಾಗ, ಪಾತ್ರ ಅಳುವಾಗಲೂ ಕೈಕೊಡದೆ ನಿಲ್ಲಲು ತಿಂಗಳುಗಳು ಬೇಕು. ಪ್ಯಾಕೇಜಿನ ವಿಡಿಯೊಗಳು ಎಲ್ಲರಿಗೂ ಒಂದೇ ಅಭ್ಯಾಸ ಕೊಡುತ್ತವೆ. ನಿಮ್ಮ ತೊಂದರೆ ದಪ್ಪ ಜಾಸ್ತಿ ಎಂಬುದು, ಇನ್ನೊಬ್ಬರದು ತೆಳು ಜಾಸ್ತಿ ಎಂಬುದು. ಒಂದೇ ಗುಳಿಗೆ ಇಬ್ಬರಿಗೂ ಆಗುವುದಿಲ್ಲ.

ಎಲ್ಲಿ ಹುಡುಕುವುದು

ಹುಡುಕುವ ಮೊದಲು ಎರಡು ಕೆಲಸಗಳನ್ನು ಬೇರ್ಪಡಿಸಿ. ವಾಯ್ಸ್ ಟೀಚರ್ ಧ್ವನಿಯ ತಂತ್ರ ಕಲಿಸುವವರು. ವೋಕಲ್ ಕೋಚ್ ಹಾಡು, ಶೈಲಿ, ಅರ್ಥ, ಎಲ್ಲಿ ಉಸಿರು, ಎಲ್ಲಿ ಒತ್ತು ಎಂದು ಹಾಡನ್ನು ಸಿದ್ಧಪಡಿಸುವವರು. ಅನೇಕರು ಪಿಯಾನೊ ನುಡಿಸುವವರೂ ಆಗಿರುತ್ತಾರೆ. ಎರಡೂ ಬಲ್ಲವರು ಇದ್ದಾರೆ, ಆದರೆ ಜನ ಕೋಚ್ ಬಳಿ ಹೋಗಿ ತಂತ್ರ ಬರಲಿಲ್ಲ ಎಂದು ನೊಂದುಕೊಳ್ಳುವುದೇ ಹೆಚ್ಚು. ನಿಮಗೆ ಈಗ ಬೇಕಾದವರು ವಾಯ್ಸ್ ಟೀಚರ್. ಕೋಚ್ ಕೊನೆಯ ಮೂರು-ನಾಲ್ಕು ವಾರಕ್ಕೆ ಸಾಕು.

ಹಾಡು ಕಲಿಸಲು ಬಹುತೇಕ ಕಡೆ ಪರವಾನಗಿ ಬೇಕಿಲ್ಲ, ಯಾರು ಬೇಕಾದರೂ ಫಲಕ ಹಾಕಬಹುದು. ಎಸ್ಟಿಲ್, ಕಂಪ್ಲೀಟ್ ವೋಕಲ್ ಟೆಕ್ನಿಕ್, ಸೊಮ್ಯಾಟಿಕ್ ವಾಯ್ಸ್‌ವರ್ಕ್ ಮುಂತಾದ ಪದ್ಧತಿಗಳು ತರಬೇತಿ ಪಡೆದ ಶಿಕ್ಷಕರಿಗೆ ಪ್ರಮಾಣಪತ್ರ ಕೊಡುತ್ತವೆ. ಅಮೆರಿಕದಲ್ಲಿ 1944ರಲ್ಲಿ ಶುರುವಾದ ಗಾಯನ ಶಿಕ್ಷಕರ ಸಂಘ ನ್ಯಾಟ್ಸ್‌ಗೆ ಸದಸ್ಯರ ಪಟ್ಟಿಯೂ ನೀತಿಸಂಹಿತೆಯೂ ಇದೆ. ಇಂಥ ಪಟ್ಟಿಗಳಿಂದ ಶುರುಮಾಡಬಹುದು. ಪ್ರಮಾಣಪತ್ರ ಇದ್ದರೆ ಅವರು ಧ್ವನಿಪೆಟ್ಟಿಗೆಯ ಬಗ್ಗೆ ಒಂದಿಷ್ಟು ಓದಿದ್ದಾರೆ ಎಂದಷ್ಟೇ ತಿಳಿಯುತ್ತದೆ. ನಿಮ್ಮ ಧ್ವನಿಯನ್ನು ಕೇಳಬಲ್ಲ ಕಿವಿ ಅವರಿಗಿದೆಯೇ ಎಂಬುದು ಅದರಲ್ಲಿ ಬರೆದಿರುವುದಿಲ್ಲ. ದೊಡ್ಡ ಹಾಡುಗಾರರು ದೊಡ್ಡ ಗುರುಗಳಾಗಿರುತ್ತಾರೆ ಎನ್ನುವುದೂ ಹಾಗೆಯೇ. ಹುಟ್ಟಿನಿಂದ ಸಲೀಸಾಗಿ ಬಂದದ್ದನ್ನು ಬಾರದವರಿಗೆ ಬಿಡಿಸಿ ಹೇಳುವುದು ಅವರಿಗೇ ಕಷ್ಟ.

ನನ್ನ ಪ್ರಕಾರ ಭರವಸೆಯ ದಾರಿ ಎರಡು. ಒಂದು, ಹಾಡುಗಾರರ ಗಂಟಲು ನೋಡುವ ಧ್ವನಿ ಚಿಕಿತ್ಸಕರನ್ನು ಕೇಳುವುದು. ಯಾರ ಶಿಷ್ಯರು ಮತ್ತೆಮತ್ತೆ ಗಂಟು ಮಾಡಿಕೊಂಡು ಬರುತ್ತಾರೆ, ಯಾರ ಶಿಷ್ಯರು ಬರುವುದಿಲ್ಲ ಎಂಬುದು ಅವರಿಗೆ ಗೊತ್ತು. ಮೊದಲನೆಯದನ್ನು ಅವರು ಹೇಳಲಾರರು, ಎರಡನೆಯದನ್ನು ಹೇಳುತ್ತಾರೆ. ಇನ್ನೊಂದು, ಗುರುವಿನ ಶಿಷ್ಯರು ಹಾಡುವ ಕಾರ್ಯಕ್ರಮಕ್ಕೆ ಹೋಗಿ ಕುಳಿತುಕೊಳ್ಳುವುದು. ಅಲ್ಲಿನ ತಾರೆಯನ್ನು ಬಿಡಿ, ಸಾಮಾನ್ಯ ಶಿಷ್ಯರನ್ನು ಕೇಳಿ. ಎಲ್ಲರ ಧ್ವನಿಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ, ಕುತ್ತಿಗೆಯ ನರಗಳು ಸಾಲಾಗಿ ಎದ್ದು ಕಾಣುತ್ತಿದ್ದರೆ, ಎದ್ದು ಬನ್ನಿ. ‘ಇಂಥ ಪ್ರಸಿದ್ಧರು ನನ್ನ ಶಿಷ್ಯರು’ ಎಂದರೆ ಎಷ್ಟು ವರ್ಷ ಎಂದು ಕೇಳಿ. ಒಂದು ದಿನದ ಕಾರ್ಯಾಗಾರವೂ ಕೆಲವರ ಬಾಯಲ್ಲಿ ಶಿಷ್ಯತ್ವವಾಗುತ್ತದೆ.

ಒಂದು ಪರೀಕ್ಷಾ ಪಾಠ

ಇಬ್ಬರು ಮೂವರನ್ನು ಆರಿಸಿ, ಒಬ್ಬೊಬ್ಬರ ಬಳಿಯೂ ಒಂದು ಬಿಡಿ ಪಾಠಕ್ಕೆ ದುಡ್ಡು ಕೊಟ್ಟು ಹೋಗಿ. ಪುಕ್ಕಟೆ ಹದಿನೈದು ನಿಮಿಷದಲ್ಲಿ ಯಾರನ್ನೂ ಅಳೆಯಲಾಗದು, 45ರಿಂದ 60 ನಿಮಿಷ ಬೇಕು. ಎರಡು ತುಣುಕು ತಯಾರಿರಲಿ, ಒಂದು ನಿಧಾನದ್ದು, ಒಂದು ಚುರುಕಿನದು. ಆಡಿಷನ್‌ಗಳಲ್ಲಿ ಕೇಳುವ 16 ಬಾರ್ (ನಮ್ಮ ತಾಳದ ಆವರ್ತದಂಥದ್ದು) ಅಳತೆ ಸಾಕು. ನಾಲ್ಕು ಎಣಿಕೆಯ ಬಾರ್ ಆದರೆ 64 ಎಣಿಕೆ, ನಿಮಿಷಕ್ಕೆ 120ರ ಗತಿಯಲ್ಲಿ 32 ಸೆಕೆಂಡು. ಧ್ವನಿ ಒಡೆಯುವ ಆ ಸಾಲು ಎರಡರಲ್ಲಿ ಒಂದರಲ್ಲಿ ಇರಲೇಬೇಕು. ಚೆನ್ನಾಗಿ ಬರುವುದನ್ನೇ ಹಾಡಿ ಮೆಚ್ಚುಗೆ ಪಡೆದು ಬಂದರೆ ದುಡ್ಡು ದಂಡ. ಮೂವರ ಬಳಿಯೂ ಅದೇ ಸಾಲು ಹಾಡಿ, ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ.

ಮೊದಲ ಕೆಲವು ನಿಮಿಷ ಅವರೇನು ಕೇಳುತ್ತಾರೆ ನೋಡಿ. ದಿನಕ್ಕೆ ಎಷ್ಟು ಮಾತಾಡುತ್ತೀರಿ, ಎದೆಯುರಿ ಇದೆಯೇ, ಯಾವ ಔಷಧಿ, ಹಿಂದೆ ಗಂಟಲು ಎಷ್ಟು ಸಲ ಕಟ್ಟಿತ್ತು, ಏನು ಹಾಡಲು ಆಸೆ? ಇದಾವುದೂ ಇಲ್ಲದೆ ನೇರ ಕೀಬೋರ್ಡಿಗೆ ಕೈಯಿಟ್ಟರೆ ಒಂದು ಅಂಕ ಕಳೆಯಿರಿ.

ನೀವು ಸಾಲು ಹಾಡಿದಿರಿ, ಒಡೆಯಿತು ಎನ್ನಿ. ಒಬ್ಬ ಗುರು ‘ಇನ್ನೊಮ್ಮೆ, ಧೈರ್ಯವಾಗಿ’ ಎನ್ನುತ್ತಾರೆ. ಮತ್ತೆ ಒಡೆಯುತ್ತದೆ. ‘ಉಸಿರಿನ ಬೆಂಬಲ ಕೊಡು, ಬೆಂಬಲ!’ ಏಳನೇ ಸಲಕ್ಕೆ ಹೇಗೋ ದಾಟುತ್ತದೆ, ಅವರು ಚಪ್ಪಾಳೆ ತಟ್ಟುತ್ತಾರೆ, ನೀವು ಗಂಟಲು ಕೆರೆದುಕೊಳ್ಳುತ್ತೀರಿ. ಇನ್ನೊಬ್ಬರು ಎರಡನೇ ಸಲಕ್ಕೇ ನಿಲ್ಲಿಸುತ್ತಾರೆ. ಆ ಪದವನ್ನು ಹಾಡದೆ ಬರಿದೇ ಮಾತಿನಂತೆ, ಸಿಟ್ಟಲ್ಲಿ ಕರೆದಂತೆ ಹೇಳಿಸುತ್ತಾರೆ. ಮೂರು ಅರ್ಧಸ್ವರ ಇಳಿಸಿ ಅದನ್ನೇ ಸ್ವರಕ್ಕೆ ಕೂರಿಸುತ್ತಾರೆ. ವ್ಯಂಜನ ತೆಗೆದು ಬರೀ ‘ಎ’ ಅಕ್ಷರದಲ್ಲಿ ಹಾಡಿಸಿ, ಹಿಂದಿನ ಸ್ವರದಲ್ಲೇ ಸ್ವಲ್ಪ ಹಗುರವಾಗಿ ಎನ್ನುತ್ತಾರೆ, ಏಕೆಂದರೆ ಒಡೆದದ್ದು ಎ ಸ್ವರದ ಮೇಲೆ ಆದರೂ ಭಾರ ಹೊತ್ತದ್ದು ಮೂರು ಸ್ವರ ಹಿಂದೆ. ಆಮೇಲೆ ವ್ಯಂಜನ ಸೇರಿಸಿ, ಅರ್ಧರ್ಧ ಏರಿಸಿ ಮೂಲ ಶ್ರುತಿಗೆ ತರುತ್ತಾರೆ. ‘ಈಗ ಗಂಟಲಲ್ಲಿ ಹೇಗನ್ನಿಸಿತು?’ ಎಂದು ನಿಮ್ಮನ್ನು ಕೇಳುತ್ತಾರೆ. ಪೂರ್ತಿ ಸರಿಯಾಗದಿದ್ದರೂ ಇಪ್ಪತ್ತು ನಿಮಿಷದಲ್ಲಿ ಏನೋ ಬದಲಾದದ್ದು ರೆಕಾರ್ಡಿಂಗ್‌ನಲ್ಲಿ ಕೇಳಿಸುತ್ತದೆ. ಮನೆಯಲ್ಲಿ ಅದನ್ನು ನೀವೇ ಮತ್ತೆ ಮಾಡಬಲ್ಲಿರಾದರೆ, ಅದು ಪಾಠ.

ಅವರು ಅಂಗರಚನೆಯ ಪದಗಳನ್ನೇ ಬಳಸಬೇಕೆಂದಿಲ್ಲ. 1854ರಲ್ಲಿ ಮಾನ್ಯುಯೆಲ್ ಗಾರ್ಸಿಯಾ ಎಂಬ ಗಾಯನ ಗುರು, ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿಯನ್ನು ಬಾಯಿಗಿಟ್ಟು, ಬಿಸಿಲನ್ನು ಒಳಗೆ ಹಾಯಿಸಿ, ತನ್ನ ಧ್ವನಿತಂತು ಅಲುಗುವುದನ್ನು ತಾನೇ ನೋಡಿಕೊಂಡ. ಅಲ್ಲಿಯವರೆಗೆ ಈ ಕಲೆಯನ್ನು ಬಹುಪಾಲು ಉಪಮೆಗಳಲ್ಲೇ ಕಲಿಸಬೇಕಾಗಿತ್ತು. ‘ಹಣೆಯಿಂದ ಹಾಡು’, ‘ಸ್ವರವನ್ನು ಮೇಲಿನಿಂದ ಇಳಿಸು’ ಎನ್ನುವುದೆಲ್ಲ ಇಂದಿಗೂ ಕೆಲವರಿಗೆ ತಟ್ಟನೆ ಫಲಿಸುತ್ತದೆ. ಫಲಿಸದಿದ್ದಾಗ ಎರಡನೇ ದಾರಿ, ಮೂರನೇ ದಾರಿ ಅವರ ಬಳಿ ಇದೆಯೇ ಎನ್ನುವುದನ್ನು ನೋಡಿ. ಇದನ್ನು ಪತ್ತೆಮಾಡಲು ಒಂದೇ ಪ್ರಶ್ನೆ ಸಾಕು: ‘ಈ ಸಾಲಿನಲ್ಲಿ ನನ್ನ ಧ್ವನಿ ಒಡೆಯುವುದು ಯಾಕೆ?’ ಉತ್ತರದಲ್ಲಿ ಕಾರಣ ಇರಬೇಕು. ‘ನಿಮಗೆ ಆತ್ಮವಿಶ್ವಾಸ ಇಲ್ಲ’ ಎಂಬುದು ಉತ್ತರವೇ ಅಲ್ಲ. ತುಟಿ ಬುರ್ರೆನ್ನಿಸುವುದು, ಸ್ಟ್ರಾದಲ್ಲಿ ಹಾಡುವುದು ಎಲ್ಲರಿಗೂ ಮಾಡಿಸುತ್ತಾರೆ, ಒಳ್ಳೆಯದೇ. ಅದನ್ನೇ ಪೂಜೆಯಂತೆ ಇಪ್ಪತ್ತೈದು ನಿಮಿಷ ಮಾಡಿಸಿ, ಯಾಕೆಂದು ಹೇಳದವರು ಹೊತ್ತು ಕಳೆಯುತ್ತಿದ್ದಾರೆ.

ಕೆಲವು ಮಾತು ಕೇಳಿದ ತಕ್ಷಣ ಹೊರಡಬಹುದು. ನೋವು ಸಹಜ, ತಡೆದುಕೋ. ಬೇರೆಯವರ ಬಳಿ ಹೋದರೆ ನನ್ನ ಬಳಿ ಬರಬೇಡ. ಇಪ್ಪತ್ತು ಪಾಠದ ದುಡ್ಡು ಈಗಲೇ ಕಟ್ಟು. ಅವಕಾಶ ಕೊಡಿಸುತ್ತೇನೆ. ಉಸಿರು ತೋರಿಸಲು ಮೈಮುಟ್ಟುವ ಮೊದಲು ಒಪ್ಪಿಗೆ ಕೇಳದವರ ಬಳಿ ಎರಡನೇ ಪಾಠ ಬೇಡ. ನಿಮ್ಮದೇ ಕೈಯನ್ನು ನಿಮ್ಮದೇ ಪಕ್ಕೆಯ ಮೇಲೆ ಇರಿಸಿಕೊಂಡೂ ಅಷ್ಟನ್ನು ಕಲಿಯಬಹುದು.

ಮಾರನೇ ದಿನ ಬೆಳಗ್ಗೆ ‘ಹು, ಹು’ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯಿರಿ. ಇಬ್ಬರಲ್ಲಿ ಯಾರೆಂದು ತೋಚದಿದ್ದರೆ ಆ ಸಂಖ್ಯೆಯ ಮಾತು ಕೇಳಿ.

ಆನ್‌ಲೈನ್ ಸಾಕೇ

ಮೊದಲ ಮೂರು ನಾಲ್ಕು ಪಾಠ ಎದುರುಬದುರು ಆದರೆ ಒಳ್ಳೆಯದು. ವಿಡಿಯೊದಲ್ಲಿ ನಿಮ್ಮ ಜೋರು ಎಷ್ಟೆಂಬುದು ಗುರುವಿಗೆ ತಿಳಿಯುವುದಿಲ್ಲ. ತಂತ್ರಾಂಶ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ. ಉದ್ದ ಹಿಡಿದ ಸ್ವರವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸುವುದೂ ಉಂಟು. ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬಂಥದ್ದು ಇದ್ದರೆ ಅದನ್ನು ಆನ್ ಮಾಡಿ, ಸದ್ದು ತಗ್ಗಿಸುವ ಆಯ್ಕೆಯನ್ನು ಆಫ್ ಮಾಡಿ. ವೈರ್ ಇರುವ ಹೆಡ್‌ಫೋನ್ ಹಾಕಿಕೊಂಡು, ಮೈಕ್‌ನಿಂದ ಸುಮಾರು ಒಂದು ಮೀಟರ್ ದೂರ, ಸ್ವಲ್ಪ ಓರೆಯಾಗಿ ನಿಲ್ಲಿ. ಸದ್ದು ತಲುಪುವುದು ತಡವಾಗುವುದರಿಂದ ಅವರು ಅಲ್ಲಿ ನುಡಿಸಿ ನೀವು ಇಲ್ಲಿ ಹಾಡಲಾಗದು. ಪಕ್ಕವಾದ್ಯದ ಟ್ರ್ಯಾಕ್ ನಿಮ್ಮ ಬದಿಯಲ್ಲೇ ಓಡಬೇಕು. ಇಷ್ಟಾದರೂ, ದೂರದ ಒಳ್ಳೆಯ ಕಿವಿ ಹತ್ತಿರದ ಮಂದ ಕಿವಿಗಿಂತ ಮೇಲು.

ಮೂರು ತಿಂಗಳನ್ನು ಹೀಗೆ ಹಂಚಬಹುದು

ಮೊದಲ ಎರಡು ವಾರ ವೈದ್ಯರು ಮತ್ತು ಪರೀಕ್ಷಾ ಪಾಠಗಳಿಗೆ. ಅಲ್ಲಿಂದ ಎಂಟನೇ ವಾರದವರೆಗೆ ವಾರಕ್ಕೆ ಒಂದು ತಾಸಿನ ಒಂದು ಪಾಠದ ಬದಲು ಅರ್ಧ ತಾಸಿನ ಎರಡು ಪಾಠ ಸಿಗುವುದೇ ಕೇಳಿ. ತಪ್ಪು ರೂಢಿಯಾಗುವ ಮೊದಲೇ ತಿದ್ದುವವರು ಸಿಗುತ್ತಾರೆ. ಮನೆಯಲ್ಲಿ ದಿನಕ್ಕೆ ಎರಡು ಸಲ ಹದಿನೈದು-ಇಪ್ಪತ್ತು ನಿಮಿಷ. ಅದರಲ್ಲಿ ಬೆಲ್ಟ್ ಹತ್ತು ನಿಮಿಷ ಮೀರದಿರಲಿ. ಮುಗಿಸುವಾಗ ಲೋಟದ ನೀರಿನಲ್ಲಿ ಎರಡು-ಮೂರು ಸೆಂಟಿಮೀಟರ್ ಮುಳುಗಿಸಿದ ಸ್ಟ್ರಾದಲ್ಲಿ ಗುಳ್ಳೆ ಏಳಿಸುತ್ತ ‘ಊ’ ಎಂದು ಮೇಲೆ ಕೆಳಗೆ ಜಾರಿ, ಮೂರು ನಿಮಿಷ ಸಾಕು. ಬಾಯಿಯ ಕಡೆಯಿಂದ ಹಿಂದಕ್ಕೆ ಬರುವ ಒತ್ತಡ ತಂತುಗಳನ್ನು ತುಸು ಬಿಡಿಸಿ ಹಿಡಿಯುವುದರಿಂದ ಅವು ಬಡಿದುಕೊಳ್ಳುವುದು ಹಗುರಾಗುತ್ತದೆ. ಗಂಟಲು ಕಟ್ಟಿದ ದಿನ ಹಾಡಬೇಡಿ, ಪಿಸುಗುಡಲೂ ಬೇಡಿ. ಎಂಟನೇ ವಾರಕ್ಕೆ ಮಾರನೇ ದಿನದ ಕಟ್ಟುವಿಕೆ ಪೂರ್ತಿ ನಿಂತಿರಬೇಕು. ಸ್ವರ ಮೇಲೇರದಿದ್ದರೂ ಪರವಾಗಿಲ್ಲ, ಇದು ಆಗಿರಲೇಬೇಕು. ಆಗದಿದ್ದರೆ ಗುರುವನ್ನು ಬದಲಿಸಿ. ಅದಕ್ಕಿಂತ ಮೊದಲೇ ಎರಡು ವಾರಕ್ಕೊಬ್ಬರಂತೆ ಅಲೆದರೆ ಮೂವರ ಸೂಚನೆ ಗಂಟಲಲ್ಲಿ ಜಗಳಕ್ಕಿಳಿಯುತ್ತವೆ. ಒಂಬತ್ತರಿಂದ ಹಾಡು ಮತ್ತು ಕೋಚ್. ಕೊನೆಯ ವಾರ ಅರ್ಧಕ್ಕರ್ಧ ಕಡಿಮೆ ಮಾಡಿ.

ಆಡಿಷನ್‌ಗೆ ಆ ಸಿ ಸ್ವರದ ಹಾಡನ್ನೇ ಹಿಡಿದು ಕೂರಬೇಡಿ. ಹತ್ತು ಸಲ ಹಾಡಿದರೆ ಒಂಬತ್ತು ಸಲ ಸರಿಯಾಗಿ ಬರುವ ಹಾಡು, ಅದೂ ನೆಗಡಿ ಇದ್ದ ದಿನ, ಅದು ನಿಮ್ಮ ಆಡಿಷನ್ ಹಾಡು. ಕರೆಯುವ ಪಾತ್ರಕ್ಕೆ ಆ ಸ್ವರ ಬೇಕೇಬೇಕಾದರೆ, ಈ ಸಲ ಆ ಪಾತ್ರ ಬಿಟ್ಟು ಬೇರೆಯದಕ್ಕೆ ಹಾಡುವುದು ಕಡಿಮೆ ಅಪಾಯದ ದಾರಿ. ಧೈರ್ಯ ಮಾಡಿ ಹಾಡಿ ಪಾತ್ರ ಸಿಕ್ಕಿತು ಎಂದುಕೊಳ್ಳಿ, ರಿಹರ್ಸಲ್‌ನಲ್ಲಿ ಅದನ್ನೇ ದಿನಕ್ಕೆ ಹತ್ತಾರು ಸಲ ಹಾಡಬೇಕಾಗುತ್ತದೆ.

ಇನ್ನು ಆಯ್ಕೆಗಳು. 30 ದಿನದ ಪ್ಯಾಕೇಜನ್ನು ನಿಮ್ಮ ಈಗಿನ ಸ್ಥಿತಿಯಲ್ಲಿ ನಾನು ಮುಟ್ಟುವುದಿಲ್ಲ. ಎರಡನೆಯವರ ಬಳಿ ವಾರಕ್ಕೊಮ್ಮೆ ಹೆಡ್ ವಾಯ್ಸ್‌ಗಾಗಿ ಹೋಗಿ, ಬೆಲ್ಟ್ ಬಲ್ಲ ಇನ್ನೊಬ್ಬರ ಬಳಿ ಮುಖ್ಯ ಪಾಠ ಮಾಡುವುದು ಸಾಧ್ಯ. ಇಬ್ಬರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಬೇಕು, ಮುಚ್ಚಿಟ್ಟರೆ ನೀವೇ ಗೊಂದಲಕ್ಕೆ ಬೀಳುತ್ತೀರಿ. ಹೊಸಬರೇ ಸರಿ ಎನ್ನಿಸಿದರೆ ಹಾಗೇ ಮಾಡಿ, ಮೊದಲ ಒಂದೆರಡು ವಾರ ಹಳೆಯ ರೂಢಿ ಕಳಚುವಾಗ ಧ್ವನಿ ಚಿಕ್ಕದಾದಂತೆ ಅನ್ನಿಸುತ್ತದೆ, ಅದಕ್ಕೆ ಸಿದ್ಧರಿರಿ.

ಈಗಿನ ಗುರುವನ್ನು ಬಿಡುವ ಮುನ್ನ ಅವರಿಗೂ ಒಂದು ಅವಕಾಶ ಕೊಡಿ. ಸ್ಟ್ರೋಬೋಸ್ಕೋಪಿ ವರದಿಯನ್ನೂ ನಿಮ್ಮ ಪುಸ್ತಕವನ್ನೂ ತೆಗೆದುಕೊಂಡು ಹೋಗಿ. ‘ಪ್ರತಿ ಪಾಠದ ಮಾರನೇ ದಿನ ಇಷ್ಟು ಇಳಿಯುತ್ತಿದೆ, ಏನು ಬದಲಿಸೋಣ?’ ಎಂದು ಕೇಳಿ. ಸಿಡುಕಿದರೆ ನಿಮ್ಮ ದಾರಿ ನಿಮಗೆ ಸ್ಪಷ್ಟ. ಅದರ ಬದಲು ಅವರು ಪುಸ್ತಕವನ್ನು ಕೈಗೆ ತೆಗೆದುಕೊಂಡು, ಹಿಂದಿನ ವಾರಗಳ ಪುಟ ತಿರುವಿ, ಯಾವ ದಿನ ಏನು ಹಾಡಿಸಿದ್ದೆವು ಎಂದು ನಿಮ್ಮನ್ನೇ ಕೇಳತೊಡಗಿದರೆ, ಇನ್ನೂ ನಾಲ್ಕು ವಾರ ಅಲ್ಲೇ ಇರಬಹುದು.